ಕೈಗೆ ಎಟಕುವ ಅಟ್ಟ

ಬನಶಂಕರಿಯ ನಮ್ಮ ಪಾರ್ಕಿನ ಮೂಲೆಯಲ್ಲಿ ಹಿರಿಯ ನಾಗರಿಕರಿಗೆಂದು ಕಟ್ಟಿದ ಒಂದು ಹಾಲ್ ಇದೆ. ತಿಂಗಳಿಗೊಂದು ಭಾನುವಾರ ಸಂಜೆ ಐದಕ್ಕೆ ಅಲ್ಲಿ ಗೋಡೆಗೆ ಬಿಳಿ ಪಂಚೆ ಬಿಗಿದು ಸಿನಿಮಾ ತೋರಿಸುತ್ತೇವೆ. ಸಿನಿಮಾ ಮುಗಿದ ಮೇಲೆ ಚರ್ಚೆ, ಚರ್ಚೆ ಮುಗಿದ ಮೇಲೆ ಕೇಸರಿಬಾತು. ಹಾಜರಾತಿಯೆಲ್ಲ ಕೇಸರಿಬಾತಿನದೇ ಎಂದು ನನ್ನ ಅನುಮಾನ. ಚರ್ಚೆ ನಡೆಸಿಕೊಡುವುದು ನನ್ನ ಪಾಲಿನ ಕೆಲಸ. ಮೂವತ್ತು ವರ್ಷ ಸರ್ಕಾರಿ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿದವನು ನಾನು. ಎಲ್ಲರೂ ಮೇಷ್ಟ್ರೇ ಎನ್ನುತ್ತಾರೆ, ಮೈಕು ಕೈಗೆ ಕೊಟ್ಟರೆ ಬೇಗ ಬಿಡುವವನೂ ಅಲ್ಲ.

ಆ ತಿಂಗಳ ಸಿನಿಮಾ ಮಾಡದ ತಪ್ಪಿಗೆ ಶಿಕ್ಷೆಯಾದವನ ಕಥೆ. ಒಂದು ಸಣ್ಣ ಊರಿನ ಗ್ರಂಥಾಲಯದ ಜವಾನ, ಅವನ ತಲೆಗೆ ಕಟ್ಟಿದ ಒಂದು ಕೊಲೆ, ಅಣ್ಣನನ್ನು ಬಿಡಿಸಿಕೊಳ್ಳಲು ಕೋರ್ಟು ಅಲೆಯುವ ತಂಗಿ. ಅವನನ್ನು ಜೈಲಿಗೆ ಹಾಕಿಸಿದ್ದು ಒಬ್ಬ ಸಾಕ್ಷಿ. ಮೂಲೆ ಅಂಗಡಿಯ ಮುದುಕ, ತೋಳಿಲ್ಲದ ಸ್ವೆಟರು, ಹಣೆಯಲ್ಲಿ ಗಂಧ, ಊರಿಗೆಲ್ಲ ಬೇಕಾದವನು. ಕೊನೆಯಲ್ಲಿ ಅವನು ಕಟಕಟೆ ಹಿಡಿದು ಅತ್ತು, ‘ನಾನು ನೋಡಲಿಲ್ಲ’ ಎನ್ನುತ್ತಾನೆ. ಪಿಟೀಲು ಶುರುವಾಗುತ್ತದೆ. ಅವನು ಸತ್ಯ ಹೇಳಿದ ನಾಲ್ಕನೇ ನಿಮಿಷಕ್ಕೆ ಜೈಲಿನ ಗೇಟು ತೆರೆದುಕೊಳ್ಳುತ್ತದೆ.

ನಮ್ಮ ಹಾಲಿನಲ್ಲಿ ಮೂಗು ಒರೆಸಿಕೊಳ್ಳುವ ಸದ್ದು. ದೀಪ ಹಾಕಿದ ಕೂಡಲೇ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಎಂಜಿನಿಯರೊಬ್ಬರು ಎದ್ದು ನಿಂತರು. ‘ಅಲ್ರೀ, ಮೊದ್ಲು ಆ ಮುದುಕನ್ನ ಒಳಗೆ ಹಾಕ್ಬೇಕು. ನೋಡ್ದೇನೇ ನೋಡ್ದೆ ಅಂದ್ಬಿಟ್ಟ! ಅಂಥೋನು ಮನುಷ್ಯನೇನ್ರೀ?’ ಸುತ್ತಲೂ ಹೌದು ಹೌದು ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ನನ್ನ ಸ್ವೆಟರಿನ ಗುಂಡಿ ಮುಟ್ಟಿ ನೋಡಿಕೊಂಡೆ. ಕೊನೆಯ ಸಾಲಿನಲ್ಲಿ ನನ್ನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು.

ಅವಳಿಗೆ ಗೊತ್ತಿತ್ತು. ಏನು ಗೊತ್ತಿತ್ತು ಎಂಬುದನ್ನು ಹೇಳಬೇಕಾದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

ಕೆಲಸದಲ್ಲಿದ್ದಾಗ ನಾನು ಗೆಜೆಟೆಡ್ ಅಧಿಕಾರಿ. ದೊಡ್ಡ ಅಧಿಕಾರವೇನಲ್ಲ. ಝೆರಾಕ್ಸ್ ಪ್ರತಿಯ ಮೇಲೆ ‘ಮೂಲದೊಂದಿಗೆ ತಾಳೆ ನೋಡಲಾಗಿದೆ’ ಎಂಬ ಸೀಲು ಒತ್ತಿ, ಹಸಿರು ಶಾಯಿಯಲ್ಲಿ ಸಹಿ ಹಾಕುವ ಅಧಿಕಾರ. ನಮ್ಮ ಬಡಾವಣೆಯ ಮಕ್ಕಳೆಲ್ಲ ಕಾಲೇಜು ಸೇರಿದ್ದು, ಕೆಲಸಕ್ಕೆ ಅರ್ಜಿ ಹಾಕಿದ್ದು ನನ್ನ ಹಸಿರು ಸಹಿಯಿಂದ. ಬೆಳಿಗ್ಗೆ ಕಾಫಿ ಹೊತ್ತಿಗೆ ಗೇಟಿನ ಹತ್ತಿರ ಒಬ್ಬಿಬ್ಬರು ನಿಂತಿರುತ್ತಿದ್ದರು. ಮೂಲ ಪ್ರತಿ ತೋರಿಸಿ ಎಂದು ಕೇಳಿದ್ದು ಮೊದಲ ವರ್ಷ ಮಾತ್ರ. ಆಮೇಲೆ ಕೇಳಲು ಸಂಕೋಚವಾಯಿತು. ಗೊತ್ತಿದ್ದವರ ಮಕ್ಕಳು, ಸುಳ್ಳು ಮಾರ್ಕ್ಸ್ ಕಾರ್ಡು ತರುತ್ತಾರೆಯೇ? ಮಾತಾಡುತ್ತ ಮಾತಾಡುತ್ತ ಸಹಿ ಒಗೆಯುತ್ತಿದ್ದೆ. ಅದೇ ದಿನ ಹತ್ತು ಗಂಟೆಗೆ ತರಗತಿಯಲ್ಲಿ ನಿಂತು, ‘ಮೂಲ ಆಕರ ನೋಡದೆ ಒಂದು ವಾಕ್ಯವನ್ನೂ ಬರೆಯಬೇಡಿ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು’ ಎಂದು ಹುಡುಗರ ಪ್ರಾಣ ತಿನ್ನುತ್ತಿದ್ದೆ. ಇವೆರಡೂ ಒಬ್ಬನೇ ಮನುಷ್ಯನ ಕೆಲಸ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ನಿವೃತ್ತಿಯಾದ ಮೇಲೆ ಗೇಟಿನ ಹತ್ತಿರ ಯಾರೂ ನಿಲ್ಲಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ನನಗೆ ಬಹಳ ಬೇಸರ ತಂದಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಒಬ್ಬ ಪೊಲೀಸ್ ಪೇದೆ ಸ್ಕೂಟರು ನಿಲ್ಲಿಸಿ, ಬಗಲಲ್ಲಿ ಫೈಲು ಇಟ್ಟುಕೊಂಡು ನಮ್ಮ ಗೇಟು ತೆರೆದ. ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಒಂದು ಜೊತೆ ಬೆಳ್ಳಿಯ ದೀಪ ಕಳುವಾಗಿತ್ತು. ನೆಲದಡಿಯ ನೀರಿನ ಸಂಪು ತೊಳೆಯಲು ಬಂದಿದ್ದವನ ಮೇಲೆ ದೂರು. ಅವನನ್ನು ನಾನೂ ಬಲ್ಲೆ. ರಾಯಚೂರು ಕಡೆಯವನು, ಮಾತು ಕಡಿಮೆ. ವರ್ಷಕ್ಕೆ ಎರಡು ಸಲ ನಮ್ಮ ಮನೆಯ ಸಂಪಿಗೂ ಇಳಿಯುತ್ತಿದ್ದ. ಮೇಲೆ ಬಂದು, ಒದ್ದೆ ಕಾಲು ಒಳಗೆ ಇಡಬಾರದೆಂದು ಹೊರಗೇ ನಿಂತು ಕಾಫಿ ಕುಡಿಯುತ್ತಿದ್ದ.

‘ಸಾರ್, ಮಾಲು ಸಿಕ್ಕಿದೆ’ ಎಂದ ಪೇದೆ. ‘ಅಂಜನಾಪುರದಲ್ಲಿ ಅವ್ನ ಮನೇಲೇ ಸಿಕ್ತು. ಮಹಜರಿಗೆ ಪಂಚರ ಸೈನ್ ಬೇಕು. ಎಲ್ರೂ ಪೊಲೀಸು ಅಂದ್ರೆ ಬಾಗ್ಲು ಹಾಕ್ಕೋತಾರೆ. ನಿಮ್ಮಂಥ ದೊಡ್ಡೋರು ಹಿಂಗೆ ಸಹಕಾರ ಕೊಟ್ರೆ ತಾನೇ ಸಾರ್?’

ಮಹಜರೆಂದರೆ, ಇಂಥ ವಸ್ತು ಇಂಥ ಕಡೆ ನಮ್ಮ ಕಣ್ಣೆದುರಿಗೆ ಸಿಕ್ಕಿತು ಎಂದು ಇಬ್ಬರು ಸಭ್ಯ ಗೃಹಸ್ಥರು ರುಜು ಹಾಕಿಕೊಡುವ ಕಾಗದ. ಒಬ್ಬನ ಸಹಿ ಆಗಲೇ ಬಿದ್ದಿತ್ತು. ‘ನಾನೂ ಅಂಜನಾಪುರಕ್ಕೆ ಬರಬೇಕೇನಪ್ಪ?’ ಎಂದು ಕೇಳಿದೆ.

‘ಅಯ್ಯೋ, ಅಷ್ಟು ದೂರ ಯಾಕೆ ಸಾರ್ ಈ ಬಿಸಿಲಲ್ಲಿ? ನಾವೇ ಎಲ್ಲಾ ಮುಗಿಸ್ಕೊಂಡ್ ಬಂದಿದೀವಿ. ಒಂದು ಸೈನ್ ಅಷ್ಟೆ.’

ಕಾಫಿ ತಂದ ಹೆಂಡತಿ ಬಾಗಿಲಲ್ಲೇ ನಿಂತು, ‘ಓದ್ದೇ ಹಾಕ್ತೀರಾ?’ ಎಂದಳು. ಪೇದೆಯ ಮುಂದೆ ಹೀಗೆ ಕೇಳಿದಳಲ್ಲ ಎಂದು ನನಗೆ ಸಿಟ್ಟು ಬಂತು. ಓದಿದವನ ಹಾಗೆ ಹಾಳೆ ತಿರುವಿದೆ. ಜೇಬಿನಿಂದ ಹಸಿರು ಪೆನ್ನು ತೆಗೆದೆ. ‘ಹಸಿರು ಬೇಡ ಸಾರ್’ ಎಂದು ಪೇದೆ ತನ್ನ ನೀಲಿ ಪೆನ್ನು ಕೊಟ್ಟ. ಮೂರು ಕಡೆ ಸಹಿ ಹಾಕಿದೆ. ಅವನು ಹೋಗುವಾಗ ಸೆಲ್ಯೂಟ್ ಹೊಡೆದ. ಆ ದಿನವೆಲ್ಲ ನಾನು ಖುಷಿಯಾಗಿದ್ದೆ.

ಎರಡು ವರ್ಷ ಕಳೆದ ಮೇಲೆ ಕೋರ್ಟಿನಿಂದ ಸಮನ್ಸು ಬಂತು. ಆಗ ಮೊದಲ ಸಲ ಆ ಮಹಜರನ್ನು ನಿಜವಾಗಿ ಓದಿದೆ, ಕೋರ್ಟಿನ ಹೊರಗಿನ ಬೆಂಚಿನ ಮೇಲೆ, ಸರ್ಕಾರಿ ವಕೀಲರ ಪಕ್ಕದಲ್ಲಿ ಕೂತು. ಆರೋಪಿಯು ನಮ್ಮನ್ನು ತನ್ನ ಮನೆಗೆ ಕರೆದೊಯ್ದು, ಅಡುಗೆ ಜಾಗದ ಮೇಲಿನ ಅಟ್ಟದಿಂದ ಒಂದು ಡಬ್ಬ ಇಳಿಸಿ, ಅದರೊಳಗಿಂದ ದೀಪದ ಜೊತೆಯನ್ನು ತೆಗೆದು ಹಾಜರುಪಡಿಸಿದ ಎಂದು ಬರೆದಿತ್ತು. ‘ನಾನು ಅಲ್ಲಿಗೆ ಹೋಗಿರಲಿಲ್ಲ’ ಎಂದೆ ವಕೀಲರಿಗೆ.

ಅವರು ನನ್ನ ಕಡೆ ನೋಡಲೂ ಇಲ್ಲ. ‘ಮೇಷ್ಟ್ರೇ, ಸೈನ್ ನಿಮ್ದು ತಾನೇ? ಈಗ ಹೋಗಿರ್ಲಿಲ್ಲ ಅಂದ್ರೆ ನಿಮ್ಮನ್ನ ಹೊಸ್ಟೈಲ್ ಅಂತ ಬರ್ಕೋತಾರೆ. ಈ ವಯಸ್ಸಲ್ಲಿ ಬೇಕಾ? ಇದ್ರಲ್ಲಿ ಇರೋದನ್ನ ಹೇಳಿ. ಡಿಫೆನ್ಸಿನೋರು ಏನ್ ಹೇಳಿದ್ರೂ ‘ಸರಿಯಲ್ಲ’ ಅನ್ನಿ. ಹತ್ ನಿಮಿಷದ ಕೆಲಸ.’

ಹೊಸ್ಟೈಲ್. ಉಲ್ಟಾ ಹೊಡೆದ ಸಾಕ್ಷಿ, ಕಾಸು ತಿಂದವನು, ಮಾತು ತಪ್ಪಿದವನು. ಜೀವಮಾನವೆಲ್ಲ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದವನಿಗೆ ಆ ಪದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ. ಸುಳ್ಳುಗಾರ ಅನ್ನಿಸಿಕೊಳ್ಳಬಾರದೆಂದು ನಾನು ಸುಳ್ಳು ಹೇಳಿದೆ. ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ.

ಆರೋಪಿಯ ಪರವಾಗಿ ಕಾನೂನು ನೆರವಿನಿಂದ ಬಂದಿದ್ದವನು ಒಬ್ಬ ಹೊಸ ವಕೀಲ. ‘ಅಟ್ಟ ಎಷ್ಟು ಎತ್ತರದಲ್ಲಿತ್ತು ಸಾರ್?’ ಎಂದು ಕೇಳಿದ. ನಾನು ತಡಮಾಡಲಿಲ್ಲ. ಬೋರ್ಡಿನ ಮೇಲೆ ಬರೆಯುವವನ ಹಾಗೆ ಬಲಗೈ ತಲೆಯ ಮೇಲಕ್ಕೆ ಎತ್ತಿ, ‘ಕೈಗೆ ಎಟಕುವಷ್ಟು’ ಎಂದೆ. ನ್ಯಾಯಾಧೀಶರು ತಲೆದೂಗಿ ಬರೆಸಿಕೊಂಡರು. ಕೊನೆಗೆ ಆ ವಕೀಲ, ‘ಆ ಮನೆಯಲ್ಲಿ ಅಟ್ಟವೇ ಇಲ್ಲ ಎಂದು ಹೇಳುತ್ತೇನೆ’ ಎಂದ. ‘ಸರಿಯಲ್ಲ’ ಎಂದೆ. ವಕೀಲರೆಂದರೆ ಹೀಗೆ ಏನೇನೋ ಹೇಳುತ್ತಾರೆ ಎಂದುಕೊಂಡೆ.

ಆರೋಪಿಗಳ ಜಾಗದಲ್ಲಿ ಅವನು ನಿಂತಿದ್ದ. ನನ್ನನ್ನು ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಸಂಪಿನ ಒಳಗಿನಿಂದ, ‘ಅಣ್ಣಾರ, ಬಕೀಟು ಇಳಸ್ರಿ’ ಎಂದು ಕೂಗಿ ಮೇಲೆ ನೋಡುತ್ತಿದ್ದನಲ್ಲ, ಹಾಗೇ ಕಾಯುತ್ತ ನೋಡುತ್ತಿದ್ದ.

ಮೂರು ವರ್ಷ ಶಿಕ್ಷೆಯಾಯಿತು. ಅಪೀಲೂ ವಜಾ ಆಗಿ ಅವನನ್ನು ಜೈಲಿಗೆ ಕರೆದುಕೊಂಡು ಹೋದರು ಎಂದು ಆ ಕೊನೆ ಮನೆಯವರೇ ಹಬ್ಬದ ತಾಂಬೂಲ ಕೊಡುತ್ತ ಹೇಳಿದರು. ನಾನು ಅಡಿಕೆ ಬಾಯಿಗೆ ಹಾಕಿಕೊಂಡು, ‘ಇರಲಿ, ಕದ್ದಿದ್ದಾನೆ, ಅನುಭವಿಸುತ್ತಾನೆ’ ಎಂದೆ. ಕದ್ದಿರಲೂಬಹುದು. ನಾನು ನೋಡಲಿಲ್ಲ ಅಂದಮಾತ್ರಕ್ಕೆ ಅವನು ಕದ್ದಿಲ್ಲ ಎಂದು ಆಗುವುದಿಲ್ಲವಲ್ಲ? ಈ ತರ್ಕ ನನ್ನನ್ನು ಬಹಳ ದಿನ ಕಾಪಾಡಿತು. ಹೆಂಡತಿ ಮಾತ್ರ ಆಮೇಲೆ ಸಂಪು ತೊಳೆಸುವ ಮಾತೆತ್ತಲಿಲ್ಲ. ನೀರು ಸ್ವಲ್ಪ ವಾಸನೆ ಬರುತ್ತಿತ್ತು, ಅದನ್ನೇ ಬಳಸುತ್ತಿದ್ದೆವು.

ಈಗ ಆ ಭಾನುವಾರದ ಹಾಲಿಗೆ ವಾಪಸು ಬರುತ್ತೇನೆ. ಎಂಜಿನಿಯರು ಕೂತರು. ಮೈಕು ನನ್ನ ಕೈಗೆ ಬಂತು. ಹೇಳಿಬಿಡಬೇಕು ಅನ್ನಿಸಿತು. ಆ ಪಿಟೀಲಿನ ಪ್ರಭಾವವೂ ಇರಬಹುದು. ‘ನಾನೂ ಒಂದು ಸಲ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದೇನೆ’ ಎಂದೆ.

ಚಪ್ಪಾಳೆ ಬಿತ್ತು! ‘ನೋಡಿ, ಮೇಷ್ಟ್ರಂಥೋರು ಇರ್ಬೇಕು’ ಎಂದು ಯಾರೋ ಕೂಗಿದರು. ‘ಪೊಲೀಸಿಗೆ ಹೆದ್ರದೆ ಹೋಗಿ ಸಾಕ್ಷಿ ಹೇಳ್ಬಂದ್ರು. ನಾವೆಲ್ಲ ಬಾಗ್ಲು ಹಾಕ್ಕೊಂಡು ಕೂತಿದ್ವಿ.’ ನಾನು ಕೈ ಎತ್ತಿ, ‘ಅದಲ್ಲ, ಕೇಳಿ’ ಎಂದೆ. ಇನ್ನೂ ಜೋರಾಗಿ ತಟ್ಟಿದರು. ಅಷ್ಟರಲ್ಲಿ ಕೇಸರಿಬಾತಿನ ಪಾತ್ರೆ ಒಳಗೆ ಬಂತು, ಕುರ್ಚಿಗಳು ಸರಿದವು. ನನ್ನ ಕೈಗೊಂದು ಎಲೆ ದೊನ್ನೆ ಕೊಟ್ಟರು. ನಾನು ತಿಂದೆ. ಏನು ಮಾಡಲಿ, ತಿಂದೆ.

ದಾರಿಯಲ್ಲಿ ಹೆಂಡತಿ ಅಂದದ್ದು ಇಷ್ಟೇ. ‘ಸಿನಿಮಾದ ಮುದುಕ ಹೇಳ್ಬಿಟ್ಟ.’

ಮಾರನೆಯ ದಿನವೇ ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಕೀಲಿ ಮಾಡುತ್ತಾಳೆ. ಎಲ್ಲ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ ಹುಡುಗರ ಕಡೆಗೆ ಎಷ್ಟೋ ಸಲ ಬೀರಿದ್ದೇನೆ. ಕೇಸಿನ ತೀರ್ಪಿನ ನಕಲು ತರಿಸಿ, ವಾರ ಬಿಟ್ಟು ಬರಲು ಹೇಳಿದಳು.

ವಾರ ಬಿಟ್ಟು ಹೋದಾಗ ತೀರ್ಪಿನ ಒಂದು ಪುಟಕ್ಕೆ ಚೀಟಿ ಅಂಟಿಸಿ ಇಟ್ಟಿದ್ದಳು. ‘ಈ ಸಾಕ್ಷಿಯು ನಿವೃತ್ತ ಅಧ್ಯಾಪಕರಾಗಿದ್ದು, ಆರೋಪಿಯ ಮೇಲೆ ಯಾವ ದ್ವೇಷವೂ ಇಲ್ಲದವರಾಗಿರುತ್ತಾರೆ. ಅವರು ಸುಳ್ಳು ಹೇಳಲು ಯಾವ ಕಾರಣವೂ ಕಂಡುಬರುವುದಿಲ್ಲ.’ ಇನ್ನೊಬ್ಬ ಪಂಚ ಸಿಕ್ಕಿರಲೇ ಇಲ್ಲವಂತೆ. ಇಡೀ ಶಿಕ್ಷೆ ನಿಂತಿದ್ದು ಈ ಎರಡು ವಾಕ್ಯಗಳ ಮೇಲೆ. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಯಾರೂ ಬರವಣಿಗೆಯಲ್ಲಿ ಹೇಳಿರಲಿಲ್ಲ.

‘ನಾನು ಈಗ ಬರೆದುಕೊಡುತ್ತೇನಮ್ಮ. ನೋಡಿಲ್ಲ ಅಂತ.’

‘ಕೊಡಿ ಸಾರ್. ಅಫಿಡವಿಟ್ ಮಾಡೋಣ. ಆದ್ರೆ ಮುಂದೆ ಕೇಳಿ. ನಿಮ್ಮನ್ನ ಅವನ ಕಡೆಯೋರು ಒಲಿಸ್ಕೊಂಡಿದಾರೆ ಅಂತಾರೆ. ಸುಳ್ಳು ಸಾಕ್ಷಿ ಅಂತ ನಿಮ್ಮ ಮೇಲೇ ಕೇಸ್ ಆಗ್ಬಹುದು.’

‘ಆಗಲಿ.’

‘ಆದ್ರೂ ಅವನು ಆಚೆ ಬರಲ್ಲ ಸಾರ್. ಹೈಕೋರ್ಟಿಗೆ ಹೋಗ್ಬೇಕು. ಅದಕ್ಕೆ ಅವನು ಜೈಲಿಂದ ವಕಾಲತ್ತಿಗೆ ಸೈನ್ ಹಾಕ್ಬೇಕು, ಅವನ ಹೆಂಡ್ತಿ ಒಪ್ಬೇಕು. ನಮ್ಮ ಅರ್ಜಿ ವಿಚಾರಣೆಗೆ ಬರೋಷ್ಟರಲ್ಲಿ ಅವನ ಶಿಕ್ಷೆಯೇ ಮುಗಿದಿರತ್ತೆ. ಒಂದ್ಸಲ ರೆಕಾರ್ಡ್ ಆದ ಮಾತನ್ನ ಅಳಿಸೋಕೆ ರಬ್ಬರ್ ಇಲ್ಲ ಸಾರ್ ನಮ್ಮ ಹತ್ರ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಮಕ್ಕಳಿಗೆ ಹೇಳಿದ್ದೆ. ಅದಕ್ಕೆ ಇಂಥ ಅರ್ಥವೂ ಇರಬಹುದೆಂದು ಯೋಚಿಸಿರಲಿಲ್ಲ.

ಅಫಿಡವಿಟ್ ತಯಾರಾಯಿತು. ‘ನಾನು ಆರೋಪಿಯ ಮನೆಗೆ ಎಂದೂ ಹೋಗಿರುವುದಿಲ್ಲ. ನ್ಯಾಯಾಲಯದಲ್ಲಿ ನಾನು ಹೇಳಿದ್ದು ಸುಳ್ಳು.’ ಅದಕ್ಕೆ ನೋಟರಿಯ ಮುದ್ರೆ ಬೇಕು. ಅದೇ ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗೆ ಒಬ್ಬ ನೋಟರಿ ಮೇಜು ಹಾಕಿಕೊಂಡು ಕೂತಿದ್ದ. ಇವನು ಓದುತ್ತಾನೆ, ತಲೆಯೆತ್ತಿ ನನ್ನ ಮುಖ ನೋಡುತ್ತಾನೆ, ಏನೋ ಕೇಳುತ್ತಾನೆ ಎಂದು ಕಾದೆ. ಅವನು ಫೋನಿನಲ್ಲಿ ಯಾರಿಗೋ ಊಟದ ಮಾತು ಹೇಳುತ್ತ, ಒಂದು ಕೈಯಲ್ಲಿ ಹಾಳೆ ತಿರುವಿ, ಪಟಪಟ ಎಂದು ಸೀಲು ಒತ್ತಿ, ಸಹಿ ಎಳೆದು ಕಾಗದವನ್ನು ನನ್ನ ಕಡೆ ತಳ್ಳಿದ. ನನ್ನ ತಪ್ಪೊಪ್ಪಿಗೆಯ ಒಂದಕ್ಷರವನ್ನೂ ಅವನು ಓದಲಿಲ್ಲ. ಬೈಯೋಣ ಎಂದು ಬಾಯಿ ತೆರೆದೆ. ಬೈಯುವ ಯೋಗ್ಯತೆ ನನಗಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆ ಕಾಗದವನ್ನೂ ವಕಾಲತ್ತನ್ನೂ ತೆಗೆದುಕೊಂಡು ಅಂಜನಾಪುರಕ್ಕೆ ಹೊರಟೆ. ಬರುತ್ತೇನೆ ಎಂದಳು ಹೆಂಡತಿ, ಬೇಡವೆಂದೆ. ಕನಕಪುರ ರಸ್ತೆಯಲ್ಲಿ ಮೆಟ್ರೋ ಇಳಿದು ಆಟೋ ಹತ್ತಿದೆ. ತೀರ್ಪಿನಲ್ಲಿದ್ದ ವಿಳಾಸ ಓದಿ ಹೇಳಿದೆ. ಆಟೋದವನಿಗೆ ಗೊತ್ತಾಗಲಿಲ್ಲ. ಒಂದು ಕೋಳಿ ಅಂಗಡಿ, ಒಂದು ನೀರಿನ ಟ್ಯಾಂಕಿನ ಹತ್ತಿರ, ಆಮೇಲೆ ಒಬ್ಬ ಹೂವಿನವಳ ಹತ್ತಿರ ನಿಲ್ಲಿಸಿ ಕೇಳಿದೆವು. ‘ನೀವು ಮುಂಚೆ ಬಂದಿಲ್ವಾ ಅಂಕಲ್ ಈ ಮನೆಗೆ?’ ಎಂದ ಆಟೋದವನು. ಬಂದಿಲ್ಲಪ್ಪ ಎಂದೆ. ಆ ಮಾತನ್ನು ನಾನು ಸರಿಯಾದ ಜಾಗದಲ್ಲಿ ಹೇಳಬೇಕಿತ್ತು.

ಸಾಲಾಗಿ ಆರು ಕೋಣೆ, ಎದುರಿಗೆ ಒಂದು ನಲ್ಲಿ. ನಾಲ್ಕನೆಯದರ ಬಾಗಿಲಲ್ಲಿ ಒಬ್ಬ ಹೆಂಗಸು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಪಕ್ಕಕ್ಕಿಟ್ಟು ಎದ್ದಳು. ನಾನು ಬರುವ ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡ ಮಾತು ಶುರುಮಾಡಿದೆ. ‘ಅಮ್ಮ, ನಾನು ಬನಶಂಕರಿಯಿಂದ...’

‘ಗೊತ್ತದರಿ ಸರ. ಕೋರ್ಟಿನ್ಯಾಗ ನಿಮ್ಮನ್ನ ನೋಡೀನಿ.’

ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಪೇದೆ, ನೀಲಿ ಪೆನ್ನು, ‘ಸರಿಯಲ್ಲ’. ಕ್ಷಮಿಸಿ ಎಂದೂ ಹೇಳಿದೆ. ಅಫಿಡವಿಟ್ ಕೈಗೆ ಕೊಟ್ಟೆ. ಅವಳು ನಿಧಾನವಾಗಿ, ತುಟಿ ಆಡಿಸುತ್ತ ಪೂರ್ತಿ ಓದಿದಳು. ಆ ಕಾಗದವನ್ನು ಪೂರ್ತಿ ಓದಿದವರು, ಬರೆದ ವಕೀಲೆಯನ್ನು ಬಿಟ್ಟರೆ, ಅವಳೊಬ್ಬಳೇ.

‘ಇದು ಕೊಟ್ರ ಅವರು ಹೊರಗ ಬರ್ತಾರೇನ್ರಿ?’

‘ಇಲ್ಲಮ್ಮ. ಅಷ್ಟು ಬೇಗ ಆಗಲ್ಲ ಅಂತಾರೆ. ಬಿಡುಗಡೆ ಆದಮೇಲೂ ಕೇಸು ನಡೀತಾ ಇರಬಹುದು.’

‘ಮತ್ತ ಇದು ಯಾರಿಗ್ರಿ ಸರ?’

ಅವಳು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ ನನಗೆ ವಾಪಸು ಕೊಟ್ಟಳು. ‘ಮತ್ತ ಕೋರ್ಟು, ಮತ್ತ ವಕೀಲರು, ನನ್ನ ಕೈಲಿ ಆಗೂದಿಲ್ರಿ. ಅವರು ಬಂದಮ್ಯಾಲ ಅವರನ್ನ ಕೇಳ್ರಿ’ ಎಂದಳು. ವಕಾಲತ್ತನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ. ಇನ್ನು ಹೊರಡಬೇಕು ಎಂದುಕೊಂಡು ಚಪ್ಪಲಿ ಸರಿಮಾಡಿಕೊಂಡೆ.

‘ಒಳಗ ಬರ್ರಿ’ ಎಂದಳು. ‘ಮನಿ ನೋಡಿ ಹೋಗ್ರಿ.’

ಒಳಗೆ ಹೋದೆ. ಒಂದೇ ಕೋಣೆ. ಒಂದು ಮಂಚ, ಗೋಡೆಗೆ ಆನಿಸಿದ ಉದ್ದನೆಯ ಬ್ರಷ್ಷುಗಳು, ನೈಲಾನ್ ಹಗ್ಗದ ಸುರುಳಿ, ಅವನು ಸಂಪಿಗೆ ಇಳಿಸುತ್ತಿದ್ದ ಅದೇ ಬಕೀಟು. ಮೂಲೆಯಲ್ಲಿ ನೆಲದ ಮೇಲೆ ಒಲೆ. ಅದರ ಮೇಲಕ್ಕೆ ನೋಡಿದೆ. ಬರಿ ಗೋಡೆ, ಅದರ ಮೇಲೆ ಕಬ್ಬಿಣದ ಪೈಪು, ಪೈಪಿನ ಮೇಲೆ ಸಿಮೆಂಟ್ ಶೀಟು. ಹಲಗೆಯಿಲ್ಲ, ಕಲ್ಲಿಲ್ಲ, ಹಿಂದೆ ಇತ್ತು ಎನ್ನಲು ಗೋಡೆಯಲ್ಲಿ ಒಂದು ತೂತೂ ಇಲ್ಲ. ಒಂದು ಸಲ, ಒಂದೇ ಒಂದು ಸಲ ಇಲ್ಲಿ ಬಂದು ನಿಂತಿದ್ದರೆ ಸಾಕಿತ್ತು. ಕದ್ದಿರಲೂಬಹುದು ಎಂದು ನಾನು ಇಷ್ಟು ದಿನ ಹಿಡಿದುಕೊಂಡಿದ್ದ ಮಾತು ಅಲ್ಲೇ ಬಿದ್ದುಹೋಯಿತು. ಶೀಟಿನ ಕಾವಿಗೆ ತಲೆ ಸುಡುತ್ತಿತ್ತು.

ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

‘ಎಷ್ಟು ಎತ್ತರದಾಗ ಇತ್ರಿ ಸರ, ಅಟ್ಟ?’ ಎಂದು ಕೇಳಿದಳು.

ಅಣಕವಲ್ಲ. ತನ್ನ ಬದುಕನ್ನು ತಿಂದ ಒಂದು ವಸ್ತು ಎಲ್ಲಿತ್ತು ಎಂದು ನಿಜವಾಗಿ ತಿಳಿಯಬೇಕಾದವಳ ಹಾಗೆ ಕೇಳಿದಳು. ನಾನು ಹೇಳಬೇಕೆಂದು ಕಾದಳು. ನನ್ನ ಬಲಗೈ, ಕೋರ್ಟಿನಲ್ಲಿ ಎತ್ತಿದ್ದಷ್ಟೇ ಎತ್ತರಕ್ಕೆ, ತಾನಾಗಿ ಮೇಲೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.